ಪ್ರಭಾ ಅತ್ರೆ ಪಾಠವನ್ನೂ ಹೇಳಿದ್ದರು

ಮಾನ್ಯ ಸಂಪಾದಕರೇ,

ಹಿಂದೂಸ್ತಾನಿ ಗಾಯನದ ಕಿರಾನಾ ಘರಾಣೆಯ (ಗುರುಪರಂಪರೆಯ) ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಸವಾಯಿ ಗಂಧರ್ವರು, ಗಂಗೂಬಾಯಿ, ಭೀಮಸೇನ ಜೋಶಿ ಎಲ್ಲರಿಗೂ ಜಾಗ ಸಿಕ್ಕಿದೆ. ನಮ್ಮವರು, ಸಿಗಲೇಬೇಕು. ಆದರೆ ಅದೇ ಘರಾಣೆಯ ಗಾಯಕಿ ಪ್ರಭಾ ಅತ್ರೆಯವರಿಗೆ ಸಿಕ್ಕಿದ್ದು ಎರಡೇ ಸಾಲು. ಮೂರು ಪದ್ಮ ಪ್ರಶಸ್ತಿ, ಮಾರು ಬಿಹಾಗ್ ಮತ್ತು ಕಲಾವತಿ ರಾಗಗಳ ಆ ಹಳೇ ರೆಕಾರ್ಡು, ಮುಗೀತು. ಅವರು ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರೊಫೆಸರ್, ವಿಭಾಗದ ಮುಖ್ಯಸ್ಥೆ ಆಗಿದ್ದರು ಅನ್ನೋ ಮಾತೇ ಇಲ್ಲ. ಸಂಗೀತದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನನ್ನಂಥವಳಿಗೆ ಅದೇ ಜಾಸ್ತಿ ಮುಖ್ಯ.

ಅತ್ರೆ 1932ರಲ್ಲಿ ಪುಣೆಯಲ್ಲಿ ಹುಟ್ಟಿದವರು. ತಾಯಿಗೆ ಹುಷಾರಿರಲಿಲ್ಲ, ಸಂಗೀತ ಕಲಿತರೆ ಮನಸ್ಸು ಹಗುರಾಗುತ್ತೆ ಅಂತ ಯಾರೋ ಹೇಳಿದರು, ಪಾಠ ಶುರುವಾಯಿತು. ಅಮ್ಮ ಸ್ವಲ್ಪ ದಿನಕ್ಕೇ ಬಿಟ್ಟರು, ಎಂಟು ವರ್ಷದ ಮಗಳು ಹಿಡಿದುಕೊಂಡಳು. ಆಮೇಲೆ ಕಿರಾನಾದವರೇ ಆದ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್ ಹತ್ತಿರ ಕಲಿತರು. ವಿಜ್ಞಾನದ ಡಿಗ್ರಿ, ಕಾನೂನಿನ ಡಿಗ್ರಿ, ಆಕಾಶವಾಣಿಯ ಕೆಲಸ, ಎಲ್ಲ ಆಯಿತು. ಪಿಎಚ್‌.ಡಿ. ಮಾಡಿದ್ದು ಮಾತ್ರ ಸರಗಮ್ ಮೇಲೆ, ಅಂದರೆ ಸ ರಿ ಗ ಮ ಅಂತ ಸ್ವರದ ಹೆಸರು ಹಿಡಿದೇ ಹಾಡೋದರ ಮೇಲೆ.

ಹಿಂದೂಸ್ತಾನಿಯ ಖ್ಯಾಲ್ ಹಾಡುತ್ತಾ ಹೀಗೆ ಸ್ವರಗಳ ಹೆಸರು ಹಿಡಿದು ಹಾಡೋದು ಅಭ್ಯಾಸದ ಕೋಣೆಗೆ ಸರಿ, ವೇದಿಕೆಗಲ್ಲ ಅಂತ ಮೂಗು ಮುರಿಯುವವರಿದ್ದರು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕಲ್ಪನಾಸ್ವರ (ಅಲ್ಲೂ ಸ್ವರದ ಹೆಸರು ಹಿಡಿದೇ ಹಾಡೋದು) ಕೇಳಿ ಬೆಳೆದ ಮೈಸೂರು ಕಡೆಯವರಿಗೆ ಇದು ತಮಾಷೆ ಅನ್ನಿಸಬಹುದು, ಅಲ್ವಾ? ಕಿರಾನಾದ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಬಂದು ಹಾಡುತ್ತಿದ್ದ ಕಾಲದಲ್ಲಿ ಕರ್ನಾಟಕ ಸಂಗೀತ ಕಿವಿಗೆ ಬಿದ್ದೇ ಸರಗಮ್ ಕಿರಾನಾಕ್ಕೆ ಬಂತು ಅಂತ ಹೇಳುತ್ತಾರೆ, ಹಾಗಾಗಿ ಅದರಲ್ಲಿ ನಮ್ಮ ಪಾಲೂ ಇದೆ. ಅತ್ರೆಯವರು ಟೀಕೆಗೆ ಸುಮ್ನೆ ಕೂರಲಿಲ್ಲ. ಸರಗಮ್ಮಿಗೂ ಭಾವ ಇದೆ, ಅದು ಬರೀ ಲೆಕ್ಕದ ಆಟ ಅಲ್ಲ ಅಂತ ಕೂತು ಬರೆದರು, ಅದನ್ನೇ ಮೆಹಫಿಲ್‌ನಲ್ಲಿ ಹಾಡಿಯೂ ತೋರಿಸಿದರು. 2016ರಲ್ಲಿ ಒಂದೇ ವೇದಿಕೆಯಲ್ಲಿ ಅವರ 11 ಪುಸ್ತಕ ಬಿಡುಗಡೆಯಾದವು.

ಈಗ ನನ್ನ ಕಥೆ. ನಾನು ಓದಿದ ಕಡೆ (ಹೆಸರು ಬೇಡ ಬಿಡಿ) ಥಿಯರಿ ಹೇಳುವವರು ಒಂದು ದಿನವೂ ತಂಬೂರಿ ಮುಟ್ಟಲಿಲ್ಲ. ಹಾಡು ಹೇಳಿಕೊಡುವವರು ಬಹಳ ಒಳ್ಳೆಯವರು, ಆದರೆ ಯಾಕೆ ಹೀಗೆ ಅಂತ ಕೇಳಿದರೆ ‘ನಾ ಹಾಡಿದಂಗ ಹಾಡವಾ’ ಅನ್ನುತ್ತಿದ್ದರು. ಪೂರಿಯಾ ರಾಗಕ್ಕೂ ಮಾರವಾ ರಾಗಕ್ಕೂ ಸ್ವರ ಒಂದೇ. ಪೂರಿಯಾದಲ್ಲಿ ಗಾಂಧಾರ, ನಿಷಾದಕ್ಕೆ ತೂಕ, ಮಾರವಾದಲ್ಲಿ ಕೋಮಲ ರಿಷಭ, ಧೈವತಕ್ಕೆ. ನೋಟ್ಸ್ ಬಾಯಿಪಾಠ ಮಾಡಿ ಬರೆದೆ, ಪೂರ್ತಿ ಮಾರ್ಕ್ಸ್ ಬಂತು. ಪ್ರಾಕ್ಟಿಕಲ್‌ನಲ್ಲಿ ಪೂರಿಯಾ ಹಾಡು ಅಂದರು, ಎರಡನೇ ನಿಮಿಷಕ್ಕೆ ರಿಷಭದ ಮೇಲೆ ಹೋಗಿ ಕೂತುಬಿಟ್ಟೆ. ಪರೀಕ್ಷಕರು ಗಡಿಯಾರ ನೋಡಿ ಸಾಕು ಅಂದರು. ಹಾಡಿದ್ದು ಮಾರವಾ ಅಂತ ನನಗೆ ಹೊಳೆದದ್ದು ವಾಪಸ್ ಬರುವಾಗ, ಬಸ್ಸಿನಲ್ಲಿ.

ಗಂಗೂಬಾಯಿ ಓದಿದ್ದು ಐದನೇ ಕ್ಲಾಸು, ಕರ್ನಾಟಕ ವಿಶ್ವವಿದ್ಯಾಲಯ ಅವರನ್ನು ಗೌರವ ಪ್ರಾಧ್ಯಾಪಕಿ ಮಾಡಿಕೊಳ್ಳಲಿಲ್ವಾ, ಹಾಡುವವರಿಗೆ ಡಿಗ್ರಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಡಿಗ್ರಿ ಇರಲಿ, ಬಿಡಲಿ. ಹಾಡುವವರೇ ಬಿಡಿಸಿಯೂ ಹೇಳಿದರೆ ನನ್ನಂಥ ಸಾಧಾರಣ ವಿದ್ಯಾರ್ಥಿ ಬಸ್ಸು ಹತ್ತುವ ಮೊದಲೇ ತಪ್ಪು ಹಿಡಿಯುತ್ತಾಳೆ.

2024ರ ಜನವರಿ 13ರಂದು, 91ನೇ ವಯಸ್ಸಿನಲ್ಲಿ ಅತ್ರೆಯವರು ತೀರಿಕೊಂಡಾಗಲೂ ನಾನು ಓದಿದ್ದೆಲ್ಲ ಪ್ರಶಸ್ತಿಯ ಪಟ್ಟಿಯೇ. ಮುಂದಿನ ಪುರವಣಿಯಲ್ಲಿ ಜಾಗ ಇದ್ದರೆ ಅವರ ಕ್ಲಾಸಿನಲ್ಲಿ ಕೂತವರಿಂದ ಏನಾದರೂ ಬರೆಸಿ. ಪೂರಿಯಾ ಹೇಗೆ ಹೇಳಿಕೊಡುತ್ತಿದ್ದರು ಅಂತ ಅಷ್ಟೇ ಕೇಳಿದರೂ ಸಾಕು.

ಒಬ್ಬ ಸಂಗೀತ ಶಿಕ್ಷಕಿ, ಹುಬ್ಬಳ್ಳಿ