ರಿಪೇರಿ ಹಣದಲ್ಲಿ ಸವಕಳಿ ಮುರಿದುಕೊಳ್ಳುವುದು ಯಾವ ನ್ಯಾಯ?

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿಯಲ್ಲಿ ಹದಿನಾಲ್ಕು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿರುವ ಮದುವೆ ಛಾಯಾಗ್ರಾಹಕ. ಕಳೆದ ಮೇ ತಿಂಗಳಲ್ಲಿ, ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಗಾಳಿಮಳೆ ಬಂದು, ಚಪ್ಪರದ ಟಾರ್ಪಾಲಿನಲ್ಲಿ ಮಡುಗಟ್ಟಿದ್ದ ನೀರು ಒಮ್ಮೆಲೇ ಟ್ರೈಪಾಡ್ ಮೇಲಿದ್ದ ಕ್ಯಾಮೆರಾಕ್ಕೆ ಸುರಿಯಿತು. ಅದು ಉರುಳಿ ಬಿದ್ದ ರಭಸಕ್ಕೆ ಲೆನ್ಸ್ ಕೂರುವ ಲೋಹದ ಬಳೆ ಸೊಟ್ಟಗಾಯಿತು, ಒಳಗಿನ ಬೋರ್ಡು ಸುಟ್ಟುಹೋಯಿತು. ಬೆಂಗಳೂರಿನ ಅಧಿಕೃತ ಸರ್ವಿಸ್ ಸೆಂಟರ್ ಬೋರ್ಡಿಗೆ 58,000, ಲೆನ್ಸಿಗೆ 34,000, ಒಟ್ಟು 92,000 ರೂಪಾಯಿಯ ಬಿಲ್ಲು ಮಾಡಿತು.

ವಿಮಾ ಕಂಪನಿ ಕೊಡಲು ಒಪ್ಪಿರುವುದು 41,400 ರೂಪಾಯಿ. ಪಾಲಿಸಿಯಂತೆ ನಾನೇ ಭರಿಸಬೇಕಾದ, ಒಟ್ಟು ಬಿಲ್ಲಿನ ಶೇ 5ರ ಪಾಲು, ಅಂದರೆ 4,600 ರೂಪಾಯಿಯನ್ನು ಕಳೆದಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದಕ್ಕೂ ಮೊದಲು 'ಎರಡು ವರ್ಷ ಹಳೆಯ ಉಪಕರಣ' ಎಂದು, ಹಾನಿಯನ್ನು ಅಂದಾಜಿಸಲು ಕಂಪನಿ ನೇಮಿಸಿದ ಸರ್ವೇಯರ್ ಬಿಲ್ಲಿನ ಅರ್ಧಕ್ಕರ್ಧವನ್ನು ಸವಕಳಿ, ಅಂದರೆ ಹಳತಾದಂತೆ ಇಳಿದ ಬೆಲೆ, ಎಂದು ಮುರಿದಿದ್ದಾರೆ. ಉಪಕರಣ ಪೂರ್ತಿ ನಾಶವಾದಾಗ ಮಾತ್ರ ಸವಕಳಿ ಕಳೆಯಲಾಗುವುದು, ರಿಪೇರಿಯಾಗುವ ಹಾನಿಗೆ ಬಿಡಿಭಾಗಗಳ ಪೂರ್ಣ ವೆಚ್ಚ ಭರಿಸಲಾಗುವುದು ಎಂದು ನನ್ನ ಪಾಲಿಸಿಯಲ್ಲೇ ಅಚ್ಚಾಗಿದೆ. ಆ ಪುಟವನ್ನು ತೋರಿಸಿದಾಗ ಶಾಖೆಯವರು ಕೊಟ್ಟ ಉತ್ತರ, 'ಸರ್ವೇಯರ್ ವರದಿಯೇ ಅಂತಿಮ' ಎಂಬುದು. ಆ ವರದಿಯ ಪ್ರತಿಯನ್ನು ಎರಡು ಸಲ ಬರೆದು ಕೇಳಿದರೂ ಇದುವರೆಗೆ ಕೊಟ್ಟಿಲ್ಲ.

ಸರ್ವೇಯರ್ ವರದಿ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿಯೇ ಹೇಳಿದೆ. ಹೀಗಿರುವಾಗ, ಪಾಲಿಸಿಯ ಯಾವ ಷರತ್ತಿನ ಆಧಾರದಲ್ಲಿ ಹಣ ಮುರಿಯಲಾಯಿತು ಎಂಬುದನ್ನು ಗ್ರಾಹಕನಿಗೆ, ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಬರೆದು ತಿಳಿಸಲು ಕಂಪನಿಗಳಿಗೆ ಏನು ಕಷ್ಟ?

ಇನ್ನೊಂದು ಮಾತನ್ನು ನನ್ನಂಥ ಸಣ್ಣ ಸ್ಟುಡಿಯೊದವರ ಗಮನಕ್ಕೆ ತರಬೇಕಿದೆ. 'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಎಂಬ ವೋಚರಿಗೆ ಸಹಿ ಹಾಕಿದರಷ್ಟೇ ಹಣ ಎಂದು ನನಗೆ ಹೇಳಲಾಯಿತು. ಮದುವೆ ಸೀಸನ್ನಿನಲ್ಲಿ ಬಾಡಿಗೆ ಕ್ಯಾಮೆರಾದಲ್ಲಿ ದುಡಿಯುತ್ತಿರುವವನಿಗೆ ಸಹಿ ಹಾಕದೆ ನಿಲ್ಲುವುದು ಸುಲಭವಲ್ಲ. ಆದರೆ ಇಂಥ ವೋಚರನ್ನು ಮುಂದಿಟ್ಟುಕೊಂಡು, ಬೇರೆಡೆ ನ್ಯಾಯ ಕೇಳುವ ಗ್ರಾಹಕನ ಹಕ್ಕನ್ನು ಮೊಟಕುಗೊಳಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರ ಸೆಪ್ಟೆಂಬರ್‌ನಲ್ಲಿಯೇ ಸುತ್ತೋಲೆ ಹೊರಡಿಸಿದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಈ ಅವಕಾಶವಿದೆ.

ನಾನು ವೋಚರಿಗೆ ಸಹಿ ಹಾಕಿಲ್ಲ, ಲಿಖಿತ ದೂರು ಕೊಟ್ಟಿದ್ದೇನೆ. ಕಂಪನಿಯು ಸರ್ವೇಯರ್ ವರದಿಯ ಪ್ರತಿಯನ್ನು ಕೂಡಲೇ ಕೊಟ್ಟು, ಸವಕಳಿಯೆಂದು ಮುರಿದುಕೊಂಡಿರುವ 46,000 ರೂಪಾಯಿಯನ್ನೂ ಸೇರಿಸಿ 87,400 ರೂಪಾಯಿ ಪಾವತಿಸಬೇಕೆಂದು ಈ ಮೂಲಕ ಒತ್ತಾಯಿಸುತ್ತೇನೆ.

– ನೊಂದ ಛಾಯಾಗ್ರಾಹಕ, ತೀರ್ಥಹಳ್ಳಿ