ಮೊಳಕೆ ರಾಗಿಹಿಟ್ಟು ಮನೆಗೆ ಮರಳಲಿ

ಮಾನ್ಯ ಸಂಪಾದಕರೇ,

ಅರಸೀಕೆರೆ, ಚನ್ನರಾಯಪಟ್ಟಣದ ಹೊಲಗಳಲ್ಲಿ ರಾಗಿ ಬೆಳೆಯುವ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಎಳೆಯ ಮಕ್ಕಳಿಗೆ ರಾಗಿ ಸರಿಯ ಬದಲು ಸಕ್ಕರೆ ಬೆರೆತ ಡಬ್ಬಿ ಪುಡಿಗಳನ್ನು ಕಲಸಿಕೊಡುವ ರೂಢಿ ಕಾಣುತ್ತಿರುವುದು ಕಳವಳಕಾರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದು, ಅಕ್ಕಿ, ಗೋಧಿ ಇದಕ್ಕೆ ಸಾಟಿಯಲ್ಲ. ರಾತ್ರಿ ನೆನೆಸಿ, ತೆಳು ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ಜರಡಿ ಹಿಡಿದ ಹಿಟ್ಟಿನಲ್ಲಿ ಕಬ್ಬಿಣದ ಅಂಶವೂ ದೇಹಕ್ಕೆ ಹೆಚ್ಚು ದಕ್ಕುತ್ತದೆ. ನಮ್ಮ ತಾಯಂದಿರಿಗೆ ಇದು ಗೊತ್ತಿರದ ಕೆಲಸವಲ್ಲ, ದುಡಿಯುವ ಮನೆಗಳಲ್ಲಿ ಅದಕ್ಕೆ ಬಿಡುವಿಲ್ಲ, ಅಷ್ಟೆ. ಆದ್ದರಿಂದ ಮಹಿಳಾ ಸ್ವಸಹಾಯ ಸಂಘಗಳಿಂದ ಈ ಹಿಟ್ಟನ್ನು ಮಾಡಿಸಿ, ವಾರದ ಸಂತೆಗಳಲ್ಲಿ ಅದರ ಮಾರಾಟಕ್ಕೆ ಮಳಿಗೆ ಒದಗಿಸಲು ಜಿಲ್ಲಾ ಪಂಚಾಯಿತಿ ಮುಂದಾಗಬೇಕು.

– ಓರ್ವ ಓದುಗರು, ಹಾಸನ