ಮಾತಾಡಿ ಬರೆಯುವವರಿಗೆ ಬಾಗಿಲಿರುವ ಒಂದು ಕೋಣೆ ಕೊಡಿ

ಮಾನ್ಯ ಸಂಪಾದಕರೇ,

ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅಷ್ಟೂ ವರ್ಷ ನನ್ನ ಬಾಯಲ್ಲಿ ಜಾಸ್ತಿ ಬಂದ ಮಾತು ಒಂದೇ, 'ಸದ್ದು ಮಾಡಬ್ಯಾಡ್ರಿ'. ಮನೆಯಲ್ಲಿ ಬೀಗರು ಬಂದಾಗಲೂ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಿದ್ದೆ. ಅಂಥವನು ಈಗ ಗ್ರಂಥಾಲಯದಲ್ಲಿ ಒಬ್ಬ ಹುಡುಗನಿಗೆ ಗಟ್ಟಿಯಾಗಿ ಮಾತಾಡಲು ಬಿಡಿ ಅಂತ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಇದನ್ನು ಓದಿ ನಕ್ಕಳು.

ಸಪ್ತಾಪುರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಎಂ.ಎ. ಓದುವ ಹುಡುಗನೊಬ್ಬ ಬಾಡಿಗೆಗೆ ಇದ್ದಾನೆ. ರೋಣ ತಾಲ್ಲೂಕಿನವನು. ಹದಿನಾರನೇ ವಯಸ್ಸಿನಲ್ಲಿ ರಾಶಿ ಮಾಡುವ ಮಷೀನಿಗೆ ಬಲಗೈ ಸಿಕ್ಕಿ ಮೊಣಕೈವರೆಗೆ ಹೋಯಿತು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ಹೇಳಿದಂತೆ ಕೇಳುತ್ತವೆ. ಪರೀಕ್ಷೆಗೆ ಬರೆದುಕೊಡುವವರು ಸಿಗುತ್ತಾರೆ, ಅದಕ್ಕೆ ನಿಯಮ ಇದೆ. ಆದರೆ ಪರೀಕ್ಷೆ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನದ ನೋಟ್ಸು, ಅಸೈನ್‌ಮೆಂಟು, ಎಂಬತ್ತು ಪುಟದ ಪ್ರಬಂಧ? ಅದಕ್ಕೆ ದಿನಾ ಯಾರು ಬಂದು ಕೂಡುತ್ತಾರೆ?

ಅವನು ಬರೆಯುತ್ತಿರುವುದು ಲಕ್ಕುಂಡಿಯ ಬಗ್ಗೆ. ಮೊದಲು ಮೊಬೈಲಿಗೆ ಮಾತಾಡಿ ಬರೆಸುತ್ತಿದ್ದ. ಗೂಗಲ್‌ನವರು 2017ರ ಆಗಸ್ಟ್‌ನಲ್ಲೇ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿಸಿದರು, ಈಗ ಬೇರೆ ಆ್ಯಪ್‌ಗಳೂ ಇವೆ. ನಮಗೆಲ್ಲ ಅದು ವಾಟ್ಸಾಪಿನಲ್ಲಿ ಬೆರಳಿನ ಸೋಮಾರಿತನಕ್ಕೆ ಸಿಕ್ಕ ಸೌಕರ್ಯ. ಇವನಿಗೆ ಅದೇ ಪೆನ್ನು. ಒಂದು ಸಂಜೆ, 'ಕಾಕಾ, ಸ್ವಲ್ಪ ಮ್ಯಾಲೆ ಬರ್ರಿ' ಅಂತ ಕರೆದ. ನನ್ನೆದುರಿಗೆ ಮೊಬೈಲ್ ಹಿಡಿದು 'ದಾನಚಿಂತಾಮಣಿ ಅತ್ತಿಮಬ್ಬೆ' ಅಂತ ನಿಧಾನಕ್ಕೆ ಹೇಳಿದ. ಪರದೆಯ ಮೇಲೆ ಮೂಡಿದ್ದು 'ದಾನ ಚಿಂತಾಮಣಿ ಅತ್ತೆ ಮೊಬೈಲ್'. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಹೆಣ್ಣುಮಗಳು ಆಕೆ. ಪ್ರಬಂಧದಲ್ಲಿ ಪುಟಕ್ಕೆ ಎರಡು ಸಲ ಆ ಹೆಸರು ಬರುತ್ತದೆ. ಪ್ರತಿ ಸಲವೂ ಆ ಎರಡೇ ಬೆರಳಿನಲ್ಲಿ ತಿದ್ದಬೇಕು. ಪೂರ್ಣವಿರಾಮ ಅಂದರೆ ಚುಕ್ಕೆ ಬೀಳುವುದಿಲ್ಲ, 'ಪೂರ್ಣವಿರಾಮ' ಅಂತಲೇ ಬರುತ್ತದೆ. 'ಹೋಗಾಕತ್ತೀನಿ' ಅಂದರಂತೂ ಏನೇನೋ ಬರೆಯುತ್ತದೆ. ಹಾಗಾಗಿ ಹುಡುಗ ಬರೆಸುವಾಗ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುತ್ತಾನೆ. ಊಟಕ್ಕೆ ಇಳಿದು ಬಂದ ಮೇಲೆ ಮತ್ತೆ ರೋಣದವನಾಗುತ್ತಾನೆ.

ಅತ್ತಿಮಬ್ಬೆ ಒಂದು ಗ್ರಂಥದ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸಾವಿರವೂ ಬೇರೆಯವರ ಕೈಬರಹ. ಬರೆಸುವುದು ಈ ನಾಡಿಗೆ ಹೊಸದೇನಲ್ಲ, ಅಲ್ವಾ?

ಅವನು ಓದುವ ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೇಳಿದರೆ ದೂರು ಯಾರದು ಅಂತ ಗೊತ್ತಾಗುತ್ತದೆ, ಅವನಿಗೆ ಇನ್ನೂ ವೈವಾ ಬಾಕಿ ಇದೆ. ಅವರು ಏನೂ ಮಾಡಿಲ್ಲ ಅಂತಲೂ ಅಲ್ಲ. ಹೋದ ವರ್ಷ ಮಾತನ್ನು ಬರಹ ಮಾಡುವ ಸಾಫ್ಟ್‌ವೇರ್ ಹಾಕಿಸಿದ ಹೊಸ ಕಂಪ್ಯೂಟರ್ ತಂದರು. ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಆಮೇಲೆ ಅದನ್ನು ಇಟ್ಟದ್ದೆಲ್ಲಿ ಗೊತ್ತೇ? ಎಲ್ಲರೂ ಕೂತು ಓದುವ ಹಾಲ್‌ನ ಮೂಲೆಯಲ್ಲಿ, ಪೇಪರ್ ಸ್ಟ್ಯಾಂಡಿನ ಪಕ್ಕ, 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೆ.

ಹುಡುಗ ಮೊದಲ ದಿನ ಹೋಗಿ ಎರಡು ಸಾಲು ಮಾತಾಡಿದ. ನಲವತ್ತು ತಲೆ ಒಟ್ಟಿಗೆ ತಿರುಗಿದವು. ಅಟೆಂಡರ್ 'ಶ್' ಅಂದರು. ಅವರನ್ನು ನಾನು ಬೈಯುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬೆಳಿಗ್ಗೆ ಎಂಟಕ್ಕೇ ಬಂದು ಜಾಗ ಹಿಡಿದಿರುತ್ತಾರೆ, ಅವರಿಗೂ ತೊಂದರೆಯೇ. ಹುಡುಗ ಪಿಸುಗುಟ್ಟಿ ನೋಡಿದ. ಪಿಸುಮಾತು ಆ ಯಂತ್ರಕ್ಕೆ ತಿಳಿಯುವುದಿಲ್ಲ. ಟೇಬಲ್ ಮೇಲಿನ ಮೈಕು ಅವನ ಮಾತಿಗಿಂತ ತಲೆ ಮೇಲಿನ ಫ್ಯಾನನ್ನೇ ಜಾಸ್ತಿ ಕೇಳಿಸಿಕೊಳ್ಳುತ್ತಿತ್ತು. ಒಂದು ದಿನ ಬರೆಸಿದ್ದನ್ನು ಅವಸರದಲ್ಲಿ ಓದದೇ ಗೈಡ್‌ಗೆ ಕೊಟ್ಟಿದ್ದಾನೆ. ಬಸದಿಯ ಶಾಸನದ ವಿವರದ ನಡುವೆ 'ಚಹಾ ಕುಡಿಯಾಕ ಬರ್ತಿಯೇನಲೇ' ಅಂತ ಒಂದು ವಾಕ್ಯ! ಪಕ್ಕದಲ್ಲಿ ಯಾರೋ ಗೆಳೆಯನನ್ನು ಕರೆದದ್ದು. ಕೇಳಿಸಿಕೊಂಡ ಅಷ್ಟೂ ಮಾತಿನಲ್ಲಿ ಯಂತ್ರ ಒಂದಕ್ಷರ ತಪ್ಪಿಲ್ಲದೆ ಬರೆದದ್ದು ಅದೊಂದೇ ಅಂತ ಅವನೇ ಹೇಳಿ ನಗುತ್ತಾನೆ. ಗೈಡ್ ಕೆಂಪು ಪೆನ್ನಿನಲ್ಲಿ ಅದಕ್ಕೆ ಸುತ್ತು ಹಾಕಿದ ಹಾಳೆ ಇನ್ನೂ ಅವನ ಹತ್ತಿರ ಇದೆ.

ಇನ್ನೊಂದು ತೊಂದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಂಗ್ಲಿಷಿಗೆ ಡ್ರ್ಯಾಗನ್ ಅಂತ ಸಾಫ್ಟ್‌ವೇರ್ ಇದೆ, 1997ರಲ್ಲೇ ಬಂದದ್ದು. ಕನ್ನಡ ಅದಕ್ಕೆ ಬರುವುದಿಲ್ಲ. ಇಲ್ಲಿ ಹಾಕಿಸಿದ್ದು ಬೇರೆ, ಆದರೆ ಅದೂ ಡ್ರ್ಯಾಗನ್ ಹಾಗೆ ಪ್ರತಿಯೊಬ್ಬರ ದನಿಗೂ ಬೇರೆ ಖಾತೆ ಇಡುತ್ತದೆ, ಪ್ರೊಫೈಲ್ ಅನ್ನುತ್ತಾರೆ. ನೀವು ತಿದ್ದಿದ ಹೆಸರು, ನಿಮ್ಮ ಉಚ್ಚಾರ ಎಲ್ಲ ಅದರಲ್ಲಿ ಕೂಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಜೊತೆಗಿದ್ದ ಗೆಳೆಯನ ಹಾಗೆ ಮಾತು ಹಿಡಿಯಲು ಕಲಿಯುತ್ತದೆ. ಆದರೆ ಎಲ್ಲರೂ ಬಳಸುವ ಕಂಪ್ಯೂಟರುಗಳಿಗೆ ಒಂದು ಏರ್ಪಾಡು ಮಾಡಿರುತ್ತಾರೆ. ಆಫ್ ಮಾಡಿ ಆನ್ ಮಾಡಿದರೆ ಹಿಂದಿನ ದಿನದ್ದೆಲ್ಲ ಅಳಿಸಿ ಮೊದಲಿನ ಹಾಗೆ ಆಗುತ್ತದೆ. ವೈರಸ್ ಬಾರದಿರಲಿ, ಮಕ್ಕಳು ಗೇಮ್ ಹಾಕಿ ಹಾಳು ಮಾಡದಿರಲಿ ಅಂತ. ಒಳ್ಳೆಯ ಏರ್ಪಾಡೇ. ಆದರೆ ಅದರ ಜೊತೆ ಇವನ ದನಿಯ ಖಾತೆಯೂ ಹೋಗುತ್ತದೆ. ಸಂಜೆವರೆಗೆ ಕಲಿಸಿದ್ದು ಬೆಳಿಗ್ಗೆ ಸೊನ್ನೆ. 'ಕಾಕಾ, ಅದು ದಿನಾ ನನಗ ನೀ ಯಾರಪಾ ಅಂತ ಕೇಳ್ತೈತ್ರಿ' ಅಂದ. ಎಂಟು ದಿನ ಹೋಗಿ ಬಿಟ್ಟುಬಿಟ್ಟ. ಈಗ ಆ ಕಂಪ್ಯೂಟರಿನಲ್ಲಿ ಬೇರೆ ಮಕ್ಕಳು ಫಲಿತಾಂಶ ನೋಡುತ್ತಾರೆ.

ಇದನ್ನೆಲ್ಲ ಅಲ್ಲಿನ ಅಧಿಕಾರಿಯೊಬ್ಬರ ಹತ್ತಿರ ನಾನೇ ಹೋಗಿ ಹೇಳಿದೆ. ಚಹಾ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರು. ಕೊನೆಗೆ ಅಂದರು, 'ಒಬ್ಬನ ಸಲುವಾಗಿ ಒಂದು ರೂಮ್ ಕೊಡಾಕ ಆಗ್ತೈತೇನ್ರಿ?'

ಒಬ್ಬನೇ ಅಂತ ಹೇಗೆ ಗೊತ್ತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡಿ ಅನ್ನುತ್ತದೆ. ಹಿಂದಿನ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ ಇದ್ದವು, ಇದರಲ್ಲಿ 21. ಸ್ನಾಯು ಸವೆಯುವ ಕಾಯಿಲೆಯವರು, ಪಾರ್ಕಿನ್ಸನ್ ಇರುವವರು, ಓದು ಬರಹದಲ್ಲೇ ತೊಡಕಿರುವ ಮಕ್ಕಳು ಎಲ್ಲ ಬಂದರು. ಅವರವರ ಅಗತ್ಯಕ್ಕೆ ತಕ್ಕಂತೆ ಅನುಕೂಲ ಮಾಡಿಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಬರೆಯಲು ಕೂತರೆ ಕೈ ಸೆಟೆಯುವ ಒಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ, ಶೇ 40 ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲದಿದ್ದರೂ ಅವನಿಗೆ ಬರೆದುಕೊಡುವವರ ನೆರವು ಸಿಗಬೇಕು ಅಂದಿತು. ಇಂಥವರು ನಮ್ಮ ಕ್ಯಾಂಪಸ್ಸುಗಳಲ್ಲಿ ಎಷ್ಟು ಜನ ಬಾಯಿ ಬಿಡದೆ ಓದುತ್ತಿದ್ದಾರೋ. ಬಾಯಿ ಬಿಡಲು ಜಾಗ ಇದ್ದರೆ ತಾನೇ ಗೊತ್ತಾಗುವುದು.

ಧಾರವಾಡದಲ್ಲಿ ಹಾಡು ಕಲಿಯುವವನು ರಿಯಾಜಿಗೆ ಬೇರೆ ಕೋಣೆ ಬೇಕು ಅಂದರೆ ಯಾರಾದರೂ ನಗುತ್ತಾರೆಯೇ? ಮಲ್ಲಿಕಾರ್ಜುನ ಮನ್ಸೂರರ ಊರು ಇದು. ದನಿಗೆ ಜಾಗ ಬೇಕು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಣ್ಣು ಕಾಣದ ಇಬ್ಬರು ವಿದ್ಯಾರ್ಥಿಗಳು ಬರುತ್ತಿದ್ದರು. ಗೆಳೆಯನೊಬ್ಬ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದ, ಇವರು ಕೇಳಿಕೊಳ್ಳುತ್ತಿದ್ದರು. 'ಹೊರಗ ಕೂತು ಓದ್ರಪಾ' ಅಂತ ನಾನೇ ಕಳಿಸಿದೆ. ಎರಡು ವರ್ಷ ಅವರು ಹೊರಗಿನ ಬೇವಿನ ಮರದ ಕೆಳಗೇ ಕೂತರು. ಮಳೆ ಬಂದರೆ ಸೈಕಲ್ ಸ್ಟ್ಯಾಂಡಿಗೆ ಓಡುತ್ತಿದ್ದರು. ಧಾರವಾಡದ ಮಳೆ ನಿಮಗೆ ಗೊತ್ತೇ ಇದೆ. ಒಳಗೆ ನಮ್ಮಲ್ಲಿ ಹಳೇ ಪತ್ರಿಕೆ ಕಟ್ಟಿಟ್ಟ ಒಂದು ಕೋಣೆ ಖಾಲಿ ಬಿದ್ದಿತ್ತು. ಅದರ ನೆನಪೇ ಆಗಲಿಲ್ಲ ನನಗೆ.

ಬೇಕಾದದ್ದು ಬಹಳ ಏನಿಲ್ಲ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಸಣ್ಣ ಕೋಣೆ, ಅದು ನೆಲಮಹಡಿಯಲ್ಲೇ ಇರಲಿ. ಬಾಯಿ ಹತ್ತಿರ ಮೈಕು ಬರುವಂಥ ಹೆಡ್‌ಸೆಟ್, ಒಬ್ಬೊಬ್ಬರಿಗೆ ಒಂದೊಂದು. ಒಬ್ಬರ ಬಾಯಿಯದು ಇನ್ನೊಬ್ಬರಿಗೆ ಕೊಡುವ ವಸ್ತು ಅದಲ್ಲ. ದನಿಯ ಖಾತೆ ಅಳಿಯದ ಹಾಗೆ ಅವರವರ ಹೆಸರಿನ ಲಾಗಿನ್. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಲ್ಲೇ ಮಾತಾಡಿದರೆ ಇಬ್ಬರದೂ ಕೆಡುತ್ತದೆ, ಅದಕ್ಕೆ ತಾಸಿನ ಲೆಕ್ಕದ ಒಂದು ರಿಜಿಸ್ಟರ್. ಮೊದಲ ಹದಿನೈದು ದಿನ ಜೊತೆಗೆ ಕೂತು ತೋರಿಸಿಕೊಡಲು ಒಬ್ಬರು. ಕಂಪ್ಯೂಟರಂತೂ ಆಗಲೇ ಬಂದಿದೆ, ಸ್ಥಳ ಬದಲಿಸಿದರೆ ಆಯಿತು.

ಈಗ ಹುಡುಗ ನಮ್ಮ ಮಾಳಿಗೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಬರೆಸುತ್ತಾನೆ. ಅಷ್ಟೊತ್ತಿಗೆ ಪಕ್ಕದ ಮನೆಯ ಟಿವಿ ಬಂದ್ ಆಗಿರುತ್ತದೆ. ನಾಯಿ ಬೊಗಳಿದರೆ ನಿಲ್ಲಿಸಿ, ಸುಮ್ಮನಾದ ಮೇಲೆ ಮುಂದುವರಿಸುತ್ತಾನೆ. ಕೆಳಗೆ ಮಲಗಿದ ನಮಗೂ ಲಕ್ಕುಂಡಿಯ ಇತಿಹಾಸ ಅರ್ಧ ಬಾಯಿಪಾಠ ಆಗಿದೆ.

ಆ ಅಧಿಕಾರಿಗಳಿಗೆ ಒಂದು ಮಾತು. ನಿಮ್ಮ ಗ್ರಂಥಾಲಯದ ಎಡಗಡೆ, ನೀರಿನ ಫಿಲ್ಟರ್ ದಾಟಿದರೆ ಒಂದು ಕೋಣೆ ಇದೆ. ಕಿಟಕಿಯಿಂದ ಬಗ್ಗಿ ನೋಡಿ ಬಂದಿದ್ದೇನೆ. ಒಳಗೆ ಮುರಿದ ಕುರ್ಚಿ, ಹಳೇ ಕಾರ್ಡ್ ಡ್ರಾವರ್, ಒಂದು ಸ್ಟೂಲು. ಕೀ ಸ್ಟೋರ್‌ನವರ ಹತ್ತಿರ ಇದೆಯಂತೆ. ಖಾಲಿ ಮಾಡಲು ಆಳು ಸಾಲದಿದ್ದರೆ ಹೇಳಿ ಕಳಿಸಿ, ಕುರ್ಚಿ ಹೊರಲು ನಾನೂ ಬರುತ್ತೇನೆ. ಬೆಳಿಗ್ಗೆ ಹತ್ತರ ಮೇಲೆ ನನಗೆ ಬೇರೆ ಕೆಲಸ ಇರುವುದಿಲ್ಲ.

— ನಿವೃತ್ತ ಗ್ರಂಥಾಲಯ ಸಹಾಯಕ, ಸಪ್ತಾಪುರ, ಧಾರವಾಡ